ಎಡಕ್ಕೆ ತಿರುಗುವ ಫ್ಯಾನು

ಜೂನ್ 6, ಗುರುವಾರ

ಸೈಕಲ್ ನಡುಮನೆಗೆ ಬಂದಿದೆ. ಬಂದಿದೆ ಎನ್ನುವುದಕ್ಕಿಂತ ಕಟ್ಟಿಹಾಕಲಾಗಿದೆ ಎನ್ನಬೇಕು. ಮಗಳು ಸುರಭಿ ಜೆ.ಪಿ. ನಗರದಿಂದ ಕಾರಿನಲ್ಲಿ ಒಂದು ಭಾರಿ ಕಬ್ಬಿಣದ ಯಂತ್ರ ಹೇರಿಕೊಂಡು ಬಂದಳು. ನನ್ನ ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿ, ಸೈಕಲ್ಲನ್ನು ಯಂತ್ರಕ್ಕೆ ಸಿಕ್ಕಿಸಿ, ಟೀವಿಗೆ ಜೋಡಿಸಿ ಹೋದಳು. ಇದರ ಹೆಸರು ಟ್ರೈನರ್. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳಿಗೆ ಈಗ ಕಬ್ಬಿಣದ ಮೇಷ್ಟ್ರು. ನಾನು ಇಲ್ಲಿ ಪೆಡಲ್ ತುಳಿದರೆ ಪರದೆಯ ಮೇಲೆ ಒಂದು ಬೊಂಬೆ ಸೈಕಲ್ ಹೊಡೆಯುತ್ತದಂತೆ.

"ಅಮ್ಮ, ನಿಂಗೆ ಐವತ್ತೆಂಟು. ರೋಡು ಸಾಕು ಇನ್ನು," ಎಂದಳು. ನಾನು ವಾದಿಸಲಿಲ್ಲ. ಹೊರಗೆ ಮಳೆಗಾಲ, ಧೂಳು, ಹೊಗೆ. ಬೇರೆ ಕಾರಣವೇನಿಲ್ಲ.

ಕಳೆದ ಭಾನುವಾರ ನಡೆದದ್ದನ್ನು ಒಮ್ಮೆ ಕ್ರಮವಾಗಿ ಬರೆದಿಡುತ್ತೇನೆ. ಆಮೇಲೆ ಅದರ ಮಾತೇ ಬೇಡ. ನಮ್ಮ ಭಾನುವಾರದ ಬಳಗ ಬೆಳಗ್ಗೆ ಆರಕ್ಕೆ ಜಯನಗರದಿಂದ ಹೊರಟಿತು. ಒಂಬತ್ತು ಜನ. ಮುಂದೆ ನಾನು, ಎಂದಿನಂತೆ. ನನ್ನ ಬೆನ್ನಿಗೇ ಅರೆಕೆರೆಯ ಮರಿಯಮ್ಮನವರು. ಹೊಸಬರು ನನ್ನ ಹಿಂದೆಯೇ ಇರಬೇಕೆಂಬುದು ನಾನೇ ಮಾಡಿದ ನಿಯಮ. ಬನ್ನೇರುಘಟ್ಟ ರಸ್ತೆ ಬಿಟ್ಟು ಒಳರಸ್ತೆಗೆ ಇಳಿದ ಮೇಲೆ ಎಡಬದಿಯಲ್ಲಿ ಒಂದು ಗುಂಡಿ, ಯಾರೋ ಪೈಪಿಗಾಗಿ ಅಗೆದು ಅರ್ಧಂಬರ್ಧ ಮುಚ್ಚಿದ್ದು. ನಾನು ಅದನ್ನು ದೂರದಿಂದಲೇ ಕಂಡೆ. ನಿಯಮದ ಪ್ರಕಾರ ಎಡಗೈ ಇಳಿಸಿ ನೆಲದತ್ತ ಬೆರಳು ತೋರಿಸಿದೆ. ನಿಯಮದ ಪ್ರಕಾರ "ಹೋಲ್ ಲೆಫ್ಟ್" ಎಂದು ಕೂಗಿದೆ. ಎಡಕ್ಕೆ ಗುಂಡಿ ಇದೆ ಎಂದು ಅರ್ಥ. ನನ್ನ ಚಕ್ರದ ಹಿಂದೆ ನೆಟ್ಟಗೆ ಬಂದಿದ್ದರೆ ಆಕೆಗೆ ಏನೂ ಆಗುತ್ತಿರಲಿಲ್ಲ. ಆಕೆ ಹ್ಯಾಂಡಲನ್ನು ಎಡಕ್ಕೆ ತಿರುಗಿಸಿ, ಗುಂಡಿಯನ್ನು ಹುಡುಕಿಕೊಂಡು ಹೋದ ಹಾಗೆ ಹೋಗಿ ಬಿದ್ದರು. ಯಾಕೆಂದು ಆ ದೇವರಿಗೇ ಗೊತ್ತು.

ಎಡಗಡೆಯ ಕಾಲರ್ ಮೂಳೆ ಮುರಿದಿದೆ. ಆಸ್ಪತ್ರೆಗೆ ಆಕೆಯ ಯಜಮಾನರು ಚಿಕ್ಕಬೈರಪ್ಪ ಬಂದು ಏನಾಯಿತೆಂದು ಕೇಳಿದರು. ನಾನು ಇದ್ದದ್ದನ್ನೇ ಹೇಳಿದೆ: "ನಾನು ತೋರಿಸಿದ್ದೆ." ಸ್ಟ್ರೆಚರ್ ಮೇಲಿದ್ದ ಮರಿಯಮ್ಮನವರು ನನ್ನನ್ನೇ ನೋಡಿದರು, ಏನೂ ಹೇಳಲಿಲ್ಲ. ಹೇಳುವುದಕ್ಕೆ ಏನಿತ್ತು?


ಜೂನ್ 8, ಶನಿವಾರ

ಮೊದಲ ಸವಾರಿ. ನಲವತ್ತು ನಿಮಿಷ, ಹದಿನಾಲ್ಕು ಕಿಲೋಮೀಟರ್. ಮನೆಯಿಂದ ಒಂದು ಅಂಗುಲವೂ ಮುಂದೆ ಹೋಗಿಲ್ಲ.

ನಿಜ ಹೇಳಬೇಕೆಂದರೆ ಚೆನ್ನಾಗಿದೆ. ಯಾವುದೋ ದ್ವೀಪ, ಪಕ್ಕದಲ್ಲಿ ಸಮುದ್ರ, ರಸ್ತೆ ಕನ್ನಡಿಯಂತಿದೆ. ಏರು ಬಂದರೆ ಯಂತ್ರ ತಾನೇ ಪೆಡಲನ್ನು ಗಟ್ಟಿ ಮಾಡುತ್ತದೆ, ಇಳಿಜಾರಿಗೆ ಹಗುರ ಮಾಡುತ್ತದೆ. ಜಪಾನಿನವರು, ಬ್ರೆಜಿಲಿನವರು, ಇನ್ನೂ ಯಾವ್ಯಾವುದೋ ಬಾವುಟದವರು ಸಾಲುಸಾಲಾಗಿ ಸೈಕಲ್ ಹೊಡೆಯುತ್ತಿರುತ್ತಾರೆ. ಸಿಗ್ನಲ್ ಇಲ್ಲ, ಹಂಪ್ ಇಲ್ಲ, ನಾಯಿ ಇಲ್ಲ, ಎದುರಿನಿಂದ ರಾಂಗ್ ಸೈಡಿನಲ್ಲಿ ನುಗ್ಗಿ ಬಂದು ನಮ್ಮನ್ನೇ ಗದರಿಸುವ ಸ್ಕೂಟರಿನವನಿಲ್ಲ. ಎಲ್ಲಕ್ಕಿಂತ ಅಚ್ಚರಿ, ಯಾರಿಗೆ ಡಿಕ್ಕಿ ಹೊಡೆದರೂ ಹೊಡೆದಂತಾಗುವುದಿಲ್ಲ. ಒಬ್ಬರ ಮೈಯೊಳಗಿಂದ ಒಬ್ಬರು ಹಾದುಹೋಗುತ್ತಾರೆ. ಹಿಂದೆ ಯಾರಿದ್ದಾರೆ, ಬಿದ್ದರೇ, ಎದ್ದರೇ ಎಂದು ತಿರುಗಿ ನೋಡುವ ಅಗತ್ಯವೇ ಇಲ್ಲ.

ಒಂದೇ ತೊಂದರೆ ಬೆವರು. ಹೊರಗಾದರೆ ನಾವು ಮುಂದೆ ಹೋಗುವುದರಿಂದ ಗಾಳಿ ಬರುತ್ತದೆ. ಇಲ್ಲಿ ಅದಕ್ಕೂ ಯಂತ್ರವೇ ಬೇಕು. ಸ್ಟ್ಯಾಂಡ್ ಫ್ಯಾನನ್ನು ಬಲಕ್ಕೆ, ನನ್ನ ಮುಖಕ್ಕೆ ಸರಿಯಾಗಿ ಇಟ್ಟುಕೊಂಡೆ. ನಮ್ಮ ಮನೆಯವರು ಬೆನ್ನ ಹಿಂದೆ ದಿವಾನದ ಮೇಲೆ ಕೂತು ಪೇಪರ್ ಓದುತ್ತಿದ್ದರು. ನಡುವೆ ಎದ್ದು ಬಂದು ಫ್ಯಾನನ್ನು ಎಡಕ್ಕೆ ಎಳೆದಿಟ್ಟು ಹೋದರು. ಗಾಳಿಯೆಲ್ಲ ಷೋಕೇಸಿನ ಬೊಂಬೆಗಳಿಗೆ. ನಿವೃತ್ತರಾದ ಮೇಲೆ ಶಾಮಣ್ಣನವರಿಗೆ ಇಂಥ ಪರೋಪಕಾರ ಹೆಚ್ಚಾಗಿದೆ.


ಜೂನ್ 9, ಭಾನುವಾರ

ಬಳಗ ಇಂದು ನಾನಿಲ್ಲದೆ ಹೋಗಿಬಂತು. ಸಂಹಿತಾ ಮುಂದೆ ಹೋದಳಂತೆ. ಹುಡುಗಿ ಚುರುಕು, ಆದರೆ ತಿರುವುಗಳಲ್ಲಿ ಅವಸರ.

ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ಯಾರ್ಯಾರೋ ಮರಿಯಮ್ಮನವರ ಆರೋಗ್ಯ ವಿಚಾರಿಸುತ್ತಿದ್ದರು. ಒಬ್ಬರು "ಹೇಗೆ ಬಿದ್ದರು?" ಎಂದು ಬರೆದಿದ್ದರು. ಅನುಮಾನ ಉಳಿಯಬಾರದೆಂದು ನಾನು ಒಂದು ಸೂಚನೆ ಹಾಕಿದೆ: ಸಂಕೇತವನ್ನು ಸರಿಯಾಗಿ, ಸಕಾಲದಲ್ಲಿ ಕೊಡಲಾಗಿತ್ತು. ಸದಸ್ಯರು ಸಂಕೇತಗಳ ಪಟ್ಟಿಯನ್ನು ಇನ್ನೊಮ್ಮೆ ಓದಿಕೊಳ್ಳಬೇಕು. ಪಟ್ಟಿಯನ್ನೂ ಲಗತ್ತಿಸಿದೆ. ಎಂಟು ಜನ ಹೆಬ್ಬೆರಳು ಒತ್ತಿದರು. ಮರಿಯಮ್ಮನವರೂ ಒತ್ತಿದರು.


ಜೂನ್ 14, ಶುಕ್ರವಾರ

ಹದಿನೆಂಟು ಕಿಲೋಮೀಟರ್. ಸರಾಸರಿ ವೇಗ ಹೆಚ್ಚಿದೆ. ಎಷ್ಟು ಬಲ ಹಾಕಿದೆನೆಂದು ಪರದೆ ಅಂಕಿಯಲ್ಲೇ ತೋರಿಸುತ್ತದೆ, ಅದರಲ್ಲಿ ಮೋಸವಿಲ್ಲ.

ಫ್ಯಾನು ಮತ್ತೆ ಎಡಕ್ಕೆ. ಹೇಳಿ ಹೇಳಿ ಸಾಕಾಯಿತು.


ಜೂನ್ 16, ಭಾನುವಾರ

ಟ್ರೈನರಿನಿಂದ ಬಿಚ್ಚಿ ಚಕ್ರ ಹಾಕಿಕೊಂಡು ಬೆಳಗ್ಗೆ ಐದೂಮುಕ್ಕಾಲಿಗೆ ಹೊರಗೆ ಹೋಗಿದ್ದೆ. ಸೌತ್ ಎಂಡ್ ಸರ್ಕಲ್ಲಿನವರೆಗೆ ಹೋಗಿ ಹಿಂತಿರುಗಿದೆ. ಮಳೆ ಬರುವಂತಿತ್ತು.

ಬರಲಿಲ್ಲ.


ಜೂನ್ 20, ಗುರುವಾರ

ಮರಿಯಮ್ಮನವರಿಂದ ಇಂದು ಇನ್ನೊಂದು ಧ್ವನಿ ಸಂದೇಶ. ಒಟ್ಟು ಮೂರಾದವು. ನಾನು ಧ್ವನಿ ಸಂದೇಶ ಕೇಳುವುದಿಲ್ಲ, ಬರೆದು ಕಳಿಸಬೇಕು ಎಂದು ಗ್ರೂಪಿನಲ್ಲಿ ಮೊದಲೇ ಹೇಳಿದ್ದೇನೆ. ಆದ್ದರಿಂದ ಕೇಳಿಲ್ಲ. ಕೇಳದ ಸಂದೇಶಗಳ ಆ ಮೂರು ಚುಕ್ಕೆಗಳು ಮಾತ್ರ ಫೋನ್ ತೆರೆದಾಗಲೆಲ್ಲ ಕಣ್ಣಿಗೆ ಬೀಳುತ್ತವೆ.

ಆಕೆ ಬಳಗಕ್ಕೆ ಬಂದದ್ದೇ ವಿಚಿತ್ರ. ಕಳೆದ ವರ್ಷ ಅರೆಕೆರೆಯಲ್ಲಿ ಕಾಫಿಗೆಂದು ನಿಂತಿದ್ದೆವು. ಆ ಹೋಟೆಲ್ ಇರುವ ಕಟ್ಟಡವೇ ಆಕೆಯದು. ಮೇಲೆ ಎರಡು ಅಂತಸ್ತಿನ ತುಂಬ ಬಾಡಿಗೆಯವರು, ಮೂರನೆಯದರಲ್ಲಿ ಆಕೆಯ ಮನೆ. ಕಟ್ಟಡ ನಿಂತಿರುವುದು ಆಕೆಯ ಮಾವನವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ. ಮೆಟ್ಟಿಲಿಳಿದು ಬಂದು ನನ್ನ ಸೈಕಲ್ಲಿನ ಸೀಟಿನ ಮೇಲೆ ಕೈಯಿಟ್ಟು, "ನಾನೂ ಕಲೀಬೋದಾ ಮೇಡಂ?" ಎಂದರು. ಐವತ್ತು ವರ್ಷ ಆಗ. ಅಣ್ಣಂದಿರ ಸೈಕಲ್ ಒರೆಸಿದ್ದರಂತೆ, ಹತ್ತಲು ಬಿಟ್ಟಿರಲಿಲ್ಲವಂತೆ.

ನಾನೇ ಕಲಿಸಿದೆ. ನಮ್ಮ ಹಳೆಯ ಶಾಲೆಯ ಮೈದಾನದಲ್ಲಿ, ನಲವತ್ತು ಬೆಳಗು. ನಾನು ಎಷ್ಟು ಗದರಿದರೂ ನಗುತ್ತಿದ್ದರು. ಕೈ ಬಿಟ್ಟದ್ದು ಗೊತ್ತಾಗದಂತೆ ಬಿಟ್ಟ ದಿನ, ಮೈದಾನದ ಆ ತುದಿಯಿಂದ "ಮೇಡಂ, ಇದ್ದೀರಾ?" ಎಂದು ಕೂಗಿದ್ದರು. ಇದ್ದೀನಿ ಎಂದು ನಾನು ಈ ತುದಿಯಿಂದ ಕೂಗಿದ್ದೆ.

ಇದನ್ನೆಲ್ಲ ಯಾಕೆ ಬರೆದೆನೋ. ಇಪ್ಪತ್ತೆರಡು ಕಿಲೋಮೀಟರ್.


ಜುಲೈ 7, ಭಾನುವಾರ

ಆಷಾಢ ಶುರುವಾಯಿತು. ಬೆಳಗ್ಗೆ ಸಂಹಿತಾ ಸವಾರಿ ಮುಗಿಸಿಕೊಂಡು ಮನೆಗೆ ಬಂದಿದ್ದಳು. ಶೂ ತುಂಬ ಕೆಸರು, ಕೆನ್ನೆಯ ಮೇಲೆ ಮಣ್ಣಿನ ಚುಕ್ಕೆ, ಮೈಯಿಂದ ಮಳೆಯ ವಾಸನೆ. ನಡುಮನೆಯಲ್ಲಿ ನಿಂತ ನನ್ನ ಸೈಕಲ್ಲಿನ ಟೈರು ನೋಡಿ, ಎಷ್ಟು ಕ್ಲೀನಾಗಿದೆ ಆಂಟಿ ಎಂದಳು. ಹೊಗಳಿಕೆಯೋ ಏನೋ.

ಅವಳು ಬಂದದ್ದು ಒಂದು ಸುದ್ದಿ ಹೇಳಲು. ಚಿಕ್ಕಬೈರಪ್ಪ ಹೆಂಡತಿಯ ಸೈಕಲ್ಲನ್ನು ಟೆರೇಸಿನ ಕೋಣೆಯಲ್ಲಿಟ್ಟು ಬೀಗ ಹಾಕಿದ್ದಾರಂತೆ. ಕುಮಾರಸ್ವಾಮಿ ಲೇಔಟಿನ ತಂಗಿಯ ಮನೆಗೆ ಕೊಟ್ಟುಬಿಡುತ್ತಾರಂತೆ. ಆಷಾಢದಲ್ಲಿ ಗಾಡಿ ಮನೆ ತುಂಬಿಸಿಕೊಳ್ಳುವುದಿಲ್ಲವೆಂದು ಆ ತಂಗಿ ತಡೆದಿದ್ದಾರೆ. ಶ್ರಾವಣದ ಮೊದಲ ದಿನ ಬಂದು ಒಯ್ಯುತ್ತಾರೆ. ಅಂದರೆ ಆಗಸ್ಟ್ ಐದಕ್ಕೆ.

ಸಂಹಿತಾ ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟೇ ಅಂತೆ: "ಮೇಡಂ ತೋರ್ಸವ್ರೆ, ಆದ್ರೂ ಇವ್ಳು ಹೋಗಿ ಬಿದ್ದವ್ಳೆ. ಕಣ್ಮುಂದಿನ ಗುಂಡಿ ಕಾಣದೋಳಿಗೆ ಸೈಕಲ್ ಯಾಕೆ?"

ನಾನು ಹೇಳಿದ ಮಾತನ್ನೇ ಅವರೂ ಹೇಳಿದ್ದಾರೆ. ತಪ್ಪೇನಿಲ್ಲ. ಆದರೂ ಅವರ ಬಾಯಲ್ಲಿ ಕೇಳಿದಾಗ ಅದು ಬೇರೆ ಥರ ಇತ್ತು.


ಜುಲೈ 16, ಮಂಗಳವಾರ

ಇಂದು ದ್ವೀಪದಲ್ಲಿ ನನ್ನ ಹಿಂದೆ ಯಾರೋ ತುಂಬ ಹೊತ್ತು ಅಂಟಿಕೊಂಡೇ ಬಂದರು. ಯಾವ ದೇಶದ ಬಾವುಟವೋ ತಿಳಿಯಲಿಲ್ಲ. ಗಾಳಿಯ ತಡೆ ಕಡಿಮೆಯಾಗಲೆಂದು ಹಾಗೆ ಹಿಂದೆ ಬರುತ್ತಾರೆ. ಒಂದು ತಿರುವಿನಲ್ಲಿ ಅವರು ಕಾಣೆಯಾದರು. ಫೋನ್ ಬಂತೋ, ಮಗು ಅತ್ತಿತೋ, ಪರದೆ ಆರಿಸಿ ಹೋದರೋ. ನನಗೆ ಸುಮ್ಮನೆ ಕಸಿವಿಸಿ. ತುಳಿಯುವುದನ್ನು ನಿಲ್ಲಿಸಿ ಹಿಂತಿರುಗಿ ನೋಡಿದೆ. ದಿವಾನದ ಮೇಲೆ ಇವರು ಪೇಪರ್ ಓದುತ್ತಿದ್ದರು.


ಜುಲೈ 27, ಶನಿವಾರ

ಬೆಳಗಿನಿಂದ ಮನಸ್ಸು ನೆಟ್ಟಗಿಲ್ಲ. ಆದದ್ದು ಇಷ್ಟು.

ಅರ್ಧ ಗಂಟೆ ತುಳಿದಿದ್ದೆ. ಮುಖದಿಂದ ಬೆವರು ಹ್ಯಾಂಡಲ್ ಮೇಲಿನ ಟವೆಲ್ಲಿಗೆ ತೊಟ್ಟಿಕ್ಕುತ್ತಿತ್ತು. ಇವರು ಎದ್ದು ಬಂದು ಫ್ಯಾನನ್ನು ಎಡಕ್ಕೆ ಎಳೆದರು. ನನಗೆ ಎಲ್ಲಿತ್ತೋ ಸಿಟ್ಟು, ಪೆಡಲ್ ಮೇಲಿಂದ ಇಳಿದೇ ಬಿಟ್ಟೆ. ಎರಡು ತಿಂಗಳಿಂದ ಒಂದೇ ಮಾತು ಹೇಳುತ್ತಿದ್ದೇನೆ, ಫ್ಯಾನನ್ನು ಮುಟ್ಟಬೇಡಿ ಎಂದರೆ ಯಾಕೆ ಮುಟ್ಟುತ್ತೀರಿ, ಯಾರು ನಿಮಗೆ ಹೇಳಿದ್ದು ಎಂದು ರೇಗಿದೆ.

ಇವರು ಗಾಬರಿಯಾಗಿ ನಿಂತರು. ಕೈಯಲ್ಲಿ ಇನ್ನೂ ಫ್ಯಾನಿನ ಕುತ್ತಿಗೆ.

"ನೀನೇ ಹೇಳ್ತೀಯಲ್ಲ ಚೂಡಾ."

"ನಾನೆಲ್ಲಿ ಹೇಳ್ದೆ?"

"ಎಡಗೈಲಿ ಹಿಂಗೆ ತೋರಿಸ್ತೀಯ. ಎಡಕ್ಕೆ, ಕೆಳಗೆ. ಫ್ಯಾನು ಎಡಕ್ಕೆ ಇಡಿ ಅಂತ ಅಂದ್ಕೊಂಡೆ. ಇಟ್ಟ ತಕ್ಷಣ ಬೈತೀಯ. ಮಾರನೇ ದಿನ ಮತ್ತೆ ತೋರಿಸ್ತೀಯ."

ಇವರು ಕೈ ಇಳಿಸಿ ತೋರಿಸಿದರು. ನೆಲದತ್ತ ಎಡಕ್ಕೆ ಬೆರಳು, ಅದೇ ನಮ್ಮ ಪಟ್ಟಿಯ ಮೂರನೆಯ ಸಂಕೇತ. ದ್ವೀಪದ ರಸ್ತೆಯಲ್ಲಿ ಮರದ ನೆರಳು ಕಪ್ಪಗೆ ಬಿದ್ದಲ್ಲೆಲ್ಲ ನನ್ನ ಕೈ ತಾನೇ ಇಳಿಯುತ್ತಿತ್ತಂತೆ. ಆರು ವರ್ಷದ ಅಭ್ಯಾಸ. ನನಗೆ ಅರಿವೇ ಇರಲಿಲ್ಲ.

ನಾನು ಗುಂಡಿ ಇದೆ ಎಂದು ತೋರಿಸುತ್ತಿದ್ದೇನೆ. ಹಿಂದೆ ಕೂತವರು ಅಲ್ಲಿಗೆ ಹೋಗು ಎಂದು ಓದಿಕೊಳ್ಳುತ್ತಿದ್ದಾರೆ. ಮೂವತ್ತನಾಲ್ಕು ವರ್ಷ ಜೊತೆಯಲ್ಲಿ ಸಂಸಾರ ಮಾಡಿದ ಮನುಷ್ಯ.

ಇವರಿಗೆ ಇನ್ನೊಂದು ಕಾಫಿ ಮಾಡಿಕೊಟ್ಟೆ. ಯಾಕೆ ಎಂದು ಕೇಳಿದರು. ಸುಮ್ಮನೆ ಎಂದೆ.


ಜುಲೈ 29, ಸೋಮವಾರ

ಧ್ವನಿ ಸಂದೇಶಗಳನ್ನು ಕೇಳಿದೆ.

ಮೊದಲನೆಯದು ಆಕೆ ಬಿದ್ದ ದಿನವೇ ಸಂಜೆ ಕಳಿಸಿದ್ದು. "ಮೇಡಂ, ನಾನು ಮರಿಯಮ್ಮ. ನಿಮ್ಗೆ ಮಂಡಿ ತರಚ್ತಾ? ನನ್ ಎತ್ತಕ್ಕೆ ಬಂದು ಜಲ್ಲಿ ಮೇಲೇ ಮಂಡಿ ಊರಿದ್ರಿ. ಅರಿಶಿಣ ಹಚ್ಕಳಿ."

ಮಂಡಿ ತರಚಿದ್ದು ನಿಜ. ನಾನು ಯಾರಿಗೂ ಹೇಳಿರಲಿಲ್ಲ.

ಎರಡನೆಯದು ನಾನು ಗ್ರೂಪಿನಲ್ಲಿ ಸೂಚನೆ ಹಾಕಿದ ಮರುದಿನದ್ದು. ಅದನ್ನು ನಾಲ್ಕು ಸಲ ಕೇಳಿ ಇಲ್ಲಿ ಬರೆದುಕೊಂಡಿದ್ದೇನೆ. "ಮೇಡಂ, ಬೇಜಾರ್ ಮಾಡ್ಕಬ್ಯಾಡಿ. ನೀವು ಹೋಗ್ ಲೆಫ್ಟು ಅಂದಂಗಾಯ್ತು. ಕೈನೂ ತೋರ್ಸಿದ್ರಿ. ಗುಂಡಿ ಕಾಣ್ತಿತ್ತು ಮೇಡಂ, ಆದ್ರೂ ನೀವು ಹೇಳಿದ್ಮೇಲೆ ಏನೋ ಇರತ್ತೆ ಅಂತ ಹೋದೆ. ನಂಗೇ ತಪ್ಪಾಗಿ ಕೇಳಿಸ್ತೇನೋ. ಆ ಪಟ್ಟಿ ಇಂಗ್ಲೀಷಲ್ಲೈತೆ, ಮಗಳ ಕೈಲಿ ಓದಿಸ್ಕಬೇಕು ಅಂತಿದ್ದೆ. ಆಗ್ಲಿಲ್ಲ."

ಮೂರನೆಯದರಲ್ಲಿ ಮಿಕ್ಸಿಯ ಸದ್ದು, ಒಂದು ಉಸಿರು. "ಮೇಡಂ... ಏನಿಲ್ಲ. ಇಡ್ತೀನಿ."

ಹೋಗ್ ಲೆಫ್ಟ್ ಎಂದು ನಾನು ಹೇಳಿಯೇ ಇಲ್ಲ ಎಂದು ಮೊದಲು ಅನ್ನಿಸಿತು. ಇವರನ್ನು ಅಡುಗೆಮನೆಯಲ್ಲಿ ನಿಲ್ಲಿಸಿ, ಫ್ಯಾನ್ ಜೋರಾಗಿ ಹಾಕಿ, ನಾನು ಬಾಗಿಲಾಚೆ ಬೆನ್ನು ತಿರುಗಿಸಿ ನಿಂತು ರಸ್ತೆಯಲ್ಲಿ ಕೂಗುವ ಹಾಗೆಯೇ "ಹೋಲ್ ಲೆಫ್ಟ್" ಎಂದು ಕೂಗಿದೆ. ಏನು ಕೇಳಿಸಿತು ಎಂದು ಕೇಳಿದೆ.

"ಹೋಗ್ ಲೆಫ್ಟ್," ಎಂದರು. ಆಮೇಲೆ ಸಂಕೋಚದಿಂದ, "ಎಲ್ಲಿಗೆ ಹೋಗ್ಬೇಕು?" ಎಂದೂ ಕೇಳಿದರು.

ನನಗೆ ಅಳು ಬಂತು. ಇವರಿಗೆ ಏನೆಂದು ಅರ್ಥವಾಗಲಿಲ್ಲ, ಎಡಕ್ಕೆ ಹೋಗಿ ನಿಂತರು.


ಆಗಸ್ಟ್ 1, ಗುರುವಾರ

ಅರೆಕೆರೆಗೆ ಹೋಗಬೇಕು. ನಿನ್ನೆ ಹೊರಟಿದ್ದೆ, ತಲೆನೋವು ಬಂತು. ಇಂದು ಗ್ಯಾಸಿನವನು ಬರುವವನಿದ್ದ.

ಆಕೆಗೆ ಗೊತ್ತಿಲ್ಲದ ಭಾಷೆಯಲ್ಲಿ ಪಟ್ಟಿ ಕಳಿಸಿದೆ. ಹೆಬ್ಬೆರಳು ಒತ್ತಿದ್ದನ್ನು ಓದಿದ್ದಾರೆ ಎಂದು ತಿಳಿದೆ. ತರಗತಿಯಲ್ಲಿ "ಅರ್ಥ ಆಯ್ತಾ?" ಎಂದರೆ ಐವತ್ತು ಮಕ್ಕಳೂ "ಆಯ್ತು ಮಿಸ್" ಎನ್ನುತ್ತಿದ್ದರು. ಅದನ್ನು ನಾನು ಒಂದು ದಿನವೂ ನಂಬಿದವಳಲ್ಲ. ಒಬ್ಬರನ್ನು ಬೋರ್ಡಿಗೆ ಕರೆದು ಲೆಕ್ಕ ಮಾಡಿಸಿಯೇ ಮುಂದೆ ಹೋಗುತ್ತಿದ್ದೆ.

ಐದನೇ ತಾರೀಕಿಗೆ ನಾಲ್ಕು ದಿನ. ಟ್ರೈನರ್ ಹತ್ತಲಿಲ್ಲ.


ಆಗಸ್ಟ್ 4, ಭಾನುವಾರ

ಭೀಮನ ಅಮಾವಾಸ್ಯೆ. ಬೆಳಗ್ಗೆ ಇವರ ಪಾದಪೂಜೆ ಮಾಡಿದೆ. ಈ ಸಲ ಅದು ಸಲ್ಲಬೇಕಾದದ್ದೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಕಡುಬು ಡಬ್ಬಿಗೆ ಹಾಕಿಕೊಂಡು ಆಟೋದಲ್ಲಿ ಅರೆಕೆರೆಗೆ ಹೋದೆ.

ಮೂರನೆಯ ಮಹಡಿ. ಬಾಗಿಲು ತೆಗೆದವರು ಚಿಕ್ಕಬೈರಪ್ಪನವರೇ. ಹಣೆಯ ಮೇಲೆ ಕುಂಕುಮ, ಕೈಗೆ ಅರಿಶಿನದ ದಾರ. ಮರಿಯಮ್ಮ ಒಳಗಿಂದ ಬಂದರು. ಕೈಗೆ ಕಟ್ಟಿದ್ದ ಜೋಳಿಗೆ ಬಿಚ್ಚಿದ್ದಾರೆ, ಆದರೆ ಎಡಗೈಯನ್ನು ಇನ್ನೂ ಎದೆಗೊತ್ತಿಕೊಂಡೇ ಇದ್ದರು. ಸೊರಗಿದ್ದಾರೆ. ನನ್ನನ್ನು ನೋಡಿ ನಕ್ಕರು, ಹಿಂದಿನ ಹಾಗೆಯೇ. ಅದರಿಂದ ನನಗೆ ಇನ್ನೂ ಕಷ್ಟವಾಯಿತು.

ಹೇಳಬೇಕಾದ್ದನ್ನು ಆಟೋದಲ್ಲಿ ಮೂರು ಸಲ ಜೋಡಿಸಿಕೊಂಡಿದ್ದೆ. ಕಾಫಿ ಬರುವವರೆಗೂ ಕಾಯಲಾಗಲಿಲ್ಲ. ನಿಂತೇ ಹೇಳಿದೆ.

"ಅವತ್ತು ಇವರು ತಾವಾಗಿ ಬೀಳಲಿಲ್ಲ. ನಾನು ಕಳಿಸಿದೆ."

ಚಿಕ್ಕಬೈರಪ್ಪ ನನ್ನ ಮುಖ ನೋಡಿದರು. ಎಲ್ಲವನ್ನೂ ಹೇಳಿದೆ. ಇಂಗ್ಲಿಷಿನ ಪಟ್ಟಿ, ಕೈ ಸಂಕೇತ, ಕೂಗು, ನಮ್ಮ ಮನೆಯ ಫ್ಯಾನು. ಆಸ್ಪತ್ರೆಯಲ್ಲಿ ನಾನು ತೋರಿಸಿದ್ದೆ ಎಂದೆನಲ್ಲ, ತೋರಿಸಿದ್ದು ನಿಜ, ಆದರೆ ಅವರಿಗೆ ಅರ್ಥವಾಗುವ ಹಾಗೆ ಅಲ್ಲ ಎಂದೆ. ತಪ್ಪಾಯಿತು ಎಂದೆ. ಈ ಮಾತನ್ನು ನಾನು ಕೊನೆಯ ಸಲ ಯಾವಾಗ ಹೇಳಿದ್ದೆನೋ ನೆನಪಿಲ್ಲ.

ಅವರು ಹೆಂಡತಿಯ ಕಡೆಗೆ ತಿರುಗಿದರು. "ಹೋಗು ಅಂದಂಗೆ ಕೇಳಿಸ್ತು ಅಂತ ನೀನ್ಯಾಕೆ ನಂಗೇಳ್ಲಿಲ್ಲ?"

"ಮೇಡಂ ತೋರ್ಸಿದ್ದೆ ಅಂದ್ರಲ್ಲ. ಅವ್ರು ಸುಳ್ಳೇಳ್ತಾರಾ ಅಂತ ನಾನೂ ನಂಬ್ಕಂಡೆ."

ಎರಡು ತಿಂಗಳು ಆಕೆ ತನ್ನ ಕಿವಿಯನ್ನು ಬಿಟ್ಟು ನನ್ನ ಮಾತನ್ನು ನಂಬಿಕೊಂಡು ಕೂತಿದ್ದರು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ಆಮೇಲೆ ಕಡುಬು ತಿನ್ನುತ್ತ ಮರಿಯಮ್ಮ ಇನ್ನೊಂದು ವಿಷಯ ಹೇಳಿದರು. ಹೇಳುವಾಗ ನನ್ನನ್ನು ನೋಡಲಿಲ್ಲ, ತಟ್ಟೆ ನೋಡುತ್ತಿದ್ದರು. "ನೀವು ಒಂದಿನಾನೂ ನನ್ನ ಹೋಗು ಬಾ ಅಂದೋರಲ್ಲ. ಯಾವಾಗ್ಲೂ ಬನ್ನಿ, ಹೋಗಿ. ಅವತ್ತು ಹೋಗ್ ಅಂದ್ರಿ ಅನ್ಕಂಡೆ. ನಮ್ಮೋಳು ಅನ್ಕಂಡವ್ರೆ ಅಂತ ಖುಸಿ ಆಯ್ತು ಮೇಡಂ. ಆ ಖುಸೀಲೇ ಹ್ಯಾಂಡ್ಲು ತಿರುಗ್ಸಿದ್ದು."

ಅವರ ತಟ್ಟೆಗೆ ಇನ್ನೊಂದು ಕಡುಬು ಹಾಕಿದೆ.

ಹೊರಡುವಾಗ ಚಿಕ್ಕಬೈರಪ್ಪ ಮೆಟ್ಟಿಲವರೆಗೆ ಬಂದರು. ತಂಗಿಗೆ ಫೋನ್ ಮಾಡಿ ನಾಳೆ ಬರಬೇಡ ಅಂತೀನಿ ಎಂದರು. ಆದರೆ ರೋಡಿಗೆ ಈಗಲೇ ಬಿಡುವುದಿಲ್ಲ, ಕೈ ಪೂರ್ತಿ ಬರಬೇಕು, ಡಾಕ್ಟರ್ ಹೇಳಬೇಕು. "ನಿಮ್ಮನೇಲಿ ಏನೋ ನಿಂತಲ್ಲೇ ಓಡೋ ಸೈಕಲ್ ಐತಂತಲ್ಲ, ಮೊದ್ಲು ಅದ್ರಲ್ಲಿ ಓಡಿಸ್ಲಿ."

ಮನೆಗೆ ಬಂದು ಗ್ರೂಪಿನಲ್ಲಿ ಜೂನ್ ತಿಂಗಳ ನನ್ನ ಸೂಚನೆ ತಪ್ಪು ಎಂದು ಬರೆದೆ. ಕಾರಣವನ್ನೂ ಬರೆದೆ. ಉದ್ದವಾಯಿತು. ಯಾರೂ ಹೆಬ್ಬೆರಳು ಒತ್ತಲಿಲ್ಲ. ಸಂಹಿತಾ ಫೋನ್ ಮಾಡಿ ಸುಮ್ಮನೆ ಹರಟಿದಳು.


ಆಗಸ್ಟ್ 25, ಭಾನುವಾರ

ಡಾಕ್ಟರ್ ಒಪ್ಪಿದ್ದಾರೆ. ಮರಿಯಮ್ಮ ಇಂದು ನಮ್ಮ ನಡುಮನೆಯಲ್ಲಿ ಸೈಕಲ್ ಹತ್ತಿದರು. ಸೀಟು ಇಳಿಸಿಕೊಟ್ಟೆ. ಇವರು ಫ್ಯಾನಿನ ಪಕ್ಕ ಸಿದ್ಧರಾಗಿ ನಿಂತಿದ್ದರು. ಬಾಯಲ್ಲಿ ಹೇಳಿದರೆ ಮಾತ್ರ ತಿರುಗಿಸುವುದೆಂದು ಈಗ ನಮ್ಮಲ್ಲಿ ಒಪ್ಪಂದ.

ದ್ವೀಪ, ಸಮುದ್ರ, ಬಾವುಟದವರು. ಮರಿಯಮ್ಮನಿಗೆ ಮೊದಲು ನಗು. ಎಡಗೈಗೆ ಭಾರ ಬೀಳದಂತೆ ಒಂದೇ ಕೈಯಲ್ಲಿ ಹಿಡಿದು ನಿಧಾನ ತುಳಿದರು. ಎದುರಿನಿಂದ ಒಂದು ದೊಡ್ಡ ಗುಂಪು ಬಂದಾಗ ಹೆದರಿ ಬ್ರೇಕ್ ಒತ್ತಿದರು. ಗುಂಪು ಅವರೊಳಗಿಂದ ಹಾದುಹೋಯಿತು.

"ಇಲ್ಲಿ ಯಾರೂ ಯಾರ್ಗೂ ತಗಲಲ್ವಾ ಮೇಡಂ?"

ಇಲ್ಲ ಎಂದೆ.

"ಬೀಳೋದೂ ಇಲ್ವಾ?"

ಅದೂ ಇಲ್ಲ ಎಂದೆ.

ಸ್ವಲ್ಪ ದೂರ ತುಳಿದರು. "ಅಂಗಾರೆ ಯಾರೂ ಯಾರ್ನೂ ಕೂಗಂಗೇ ಇಲ್ಲ ಬಿಡಿ," ಎಂದರು. ಬೇಸರದಿಂದಲ್ಲ, ಸುಮ್ಮನೆ ಗಮನಿಸಿದ್ದು ಹೇಳಿದ ಹಾಗೆ.

ಎರಡೂವರೆ ತಿಂಗಳು ದಿನಾ ತುಳಿದು, ಎಷ್ಟು ಬಲ, ಎಷ್ಟು ವೇಗ ಎಂದೆಲ್ಲ ಬರೆದಿಟ್ಟವಳು ನಾನು. ಇದು ನನಗೆ ಹೊಳೆದಿರಲಿಲ್ಲ. ಯಂತ್ರಕ್ಕೆ ಬೈಯಲಾರೆ. ಅದು ಇಲ್ಲದಿದ್ದರೆ ಮರಿಯಮ್ಮನ ಕೈಗೆ ಧೈರ್ಯ ಬರುತ್ತಿರಲಿಲ್ಲ, ಇವರ ಫ್ಯಾನೂ ತಿರುಗುತ್ತಿರಲಿಲ್ಲ. ಆದರೆ ಹತ್ತು ನಿಮಿಷ ಆದ ಮೇಲೆ ಮರಿಯಮ್ಮ ಪರದೆ ನೋಡುವುದನ್ನು ಬಿಟ್ಟು ಕಿಟಕಿಯಾಚೆ ಹೊಂಗೆಮರ ನೋಡುತ್ತ ತುಳಿಯುತ್ತಿದ್ದರು.


ಸೆಪ್ಟೆಂಬರ್ 15, ಭಾನುವಾರ

ಪಟ್ಟಿಯನ್ನು ಕನ್ನಡದಲ್ಲಿ ಬರೆಯಲು ಕೂತೆ. ನಾಲ್ಕು ಸಂಕೇತ ಬರೆದು ಹರಿದು ಹಾಕಿದೆ. ಮರಿಯಮ್ಮನಿಗೆ ಫೋನ್ ಮಾಡಿ, ನೀವಾದರೆ ಗುಂಡಿ ಬಂದರೆ ಏನೆಂದು ಕೂಗುತ್ತೀರಿ ಎಂದು ಕೇಳಿದೆ. ಗುಂಡಿ ಬಂದಾಗ ನೋಡನ ಎಂದರು.

ಮುಂದಿನ ವಾರ ರೋಡಿಗೆ. ಚಿಕ್ಕಬೈರಪ್ಪ ಟೆರೇಸಿನ ಬೀಗ ತೆಗೆದು, ಚೈನಿಗೆ ಎಣ್ಣೆ ಹಾಕಿ, ಸೈಕಲ್ಲನ್ನು ಮೂರು ಮಹಡಿ ತಾವೇ ಇಳಿಸಿದರಂತೆ.

ನನಗೆ ಭಯ. ಬರೆದೇ ಬಿಡುತ್ತೇನೆ, ಜೂನಿನಲ್ಲೂ ಮಳೆಗಲ್ಲ, ಭಯಕ್ಕೇ ಹಿಂತಿರುಗಿದ್ದು.


ಸೆಪ್ಟೆಂಬರ್ 22, ಭಾನುವಾರ

ಹೋಗಿಬಂದೆವು. ನಾನು, ಮರಿಯಮ್ಮ, ಇಬ್ಬರೇ. ಬಳಗಕ್ಕೆ ಹೇಳಿರಲಿಲ್ಲ.

ಬೆಳಗ್ಗೆ ಆರಕ್ಕೆ ಅರೆಕೆರೆಯ ಹೋಟೆಲ್ ಮುಂದೆ ಸೇರಿದೆವು. ಇಡ್ಲಿ ಪಾತ್ರೆಯ ಆವಿ, ಹಾಲಿನ ಕ್ರೇಟುಗಳ ಸದ್ದು. ಎದುರುಗಾಳಿ ಮುಖಕ್ಕೆ ಬಡಿದಾಗ ಇದು ಫ್ಯಾನಲ್ಲ ಎಂದು ಮೈಗೇ ಗೊತ್ತಾಯಿತು. ಟ್ರೈನರಿನಲ್ಲಿ ಅಷ್ಟು ದೂರ ಓಡಿದವಳಿಗೆ ಮೊದಲ ಹಂಪಿನಲ್ಲಿ ಹ್ಯಾಂಡಲ್ ನಡುಗಿತು. ಅಲ್ಲಿ ಸೈಕಲ್ ವಾಲುವುದಿಲ್ಲ. ವಾಲಿದರೆ ಸರಿಮಾಡಿಕೊಳ್ಳಬೇಕೆಂಬುದನ್ನು ಸೊಂಟ ಮರೆತಿತ್ತು.

ನೀವು ಮುಂದೆ ಹೋಗಿ ಎಂದು ನಾನೇ ಹೇಳಿದೆ. ಮರಿಯಮ್ಮ ಒಲ್ಲೆನೆಂದರು, ಆಮೇಲೆ ಹೋದರು. ಹಿಂದೆ ಬರುವುದು ನನಗೆ ಹೊಸದು. ಮುಂದಿನವರ ಬೆನ್ನು ಬಿಟ್ಟರೆ ಏನೂ ಕಾಣುವುದಿಲ್ಲ.

ಅದೇ ಒಳರಸ್ತೆ. ಆ ಗುಂಡಿ ಇನ್ನೂ ಇದೆ ಎಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಮಾತೆತ್ತಿರಲಿಲ್ಲ. ಮಳೆಗೆ ನೀರು ತುಂಬಿ ರಸ್ತೆಯ ಬಣ್ಣವೇ ಆಗಿತ್ತು. ಎಲ್ಲಿ ಶುರು, ಎಲ್ಲಿ ಕೊನೆ ತಿಳಿಯದು. ಹಿಂದಿನಿಂದ ಟೆಂಪೋ ಹಾರ್ನ್ ಹೊಡೆಯುತ್ತಿತ್ತು. ನನ್ನ ಕೈಗಳು ಬ್ರೇಕಿಗೆ ಅಂಟಿಕೊಂಡವು. ಎಡವೋ ಬಲವೋ, ಯಾವುದೂ ಹೊಳೆಯಲಿಲ್ಲ.

ಮರಿಯಮ್ಮ ಗುಂಡಿಯನ್ನು ತೋರಿಸಲಿಲ್ಲ. ಬಲಗೈ ಬೆನ್ನ ಹಿಂದಕ್ಕೆ ಚಾಚಿ, ಮಗುವನ್ನು ಕರೆಯುವ ಹಾಗೆ ಬೆರಳು ಮಡಚಿ ಬಿಚ್ಚಿ, ತಿರುಗಿ ನೋಡದೆ ಕೂಗಿದರು.

"ಬಲಕ್ ಬಾ! ನನ್ ಹಿಂದೇನೇ ಬಾ!"

ದಾಟಿದ ಮೇಲೆ ನಿಂತು, ಏದುಸಿರು ಬಿಡುತ್ತ, ಗಾಬರೀಲಿ ಹೋಗು ಬಾ ಅಂದ್ಬುಟ್ಟೆ ಮೇಡಂ, ತಪ್ಪು ತಿಳ್ಕಬ್ಯಾಡಿ ಎಂದರು. ತಪ್ಪೇನಿಲ್ಲ ಎಂದೆ. ಇನ್ನೇನೋ ಹೇಳಬೇಕೆಂದಿತ್ತು. ನೀರಿನ ಬಾಟಲಿ ತೆಗೆದು ಮೊದಲು ಅವರಿಗೆ ಕೊಟ್ಟೆ.

ಈ ಸಂಕೇತ ಪಟ್ಟಿಯಲ್ಲಿಲ್ಲ. ಬಾ ಎಂದರು, ಬಂದೆ.